ಅಟ್ಟದಿಂದ ಇಳಿಸಿದ ಟರ್ನ್‌ಟೇಬಲ್: ಪ್ಲಗ್ ಹಾಕುವ ಮೊದಲು

ಕಾರವಾರದ ಮಿತ್ರರೇ, ತಂದೆಯವರ ಕಾಲದ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್), ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರುಗಳನ್ನು 20 ವರ್ಷಗಳ ನಂತರ ಅಟ್ಟದಿಂದ ಇಳಿಸಿದ್ದೀರಿ, ನೇರವಾಗಿ ಕರೆಂಟು ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಶಿರಸಿಯ ನಮ್ಮ ಮನೆಯಲ್ಲಿ ಅಪ್ಪನ ಆಂಪ್ಲಿಫೈಯರನ್ನು ಮೆತ್ತಿಯಿಂದ ಇಳಿಸಿದ ದಿನ ನಾನು ಮಾಡಿದ ತಪ್ಪು ಅದೇ. ಟಪ್ಪೆಂದು ಸದ್ದಾಯಿತು, ಹೊಗೆ ಬಂತು, ಹಿಂದೆಯೇ ಕೊಳೆತ ಮೀನಿನಂಥ ವಾಸನೆ ಹರಡಿತು. ಅಡಿಗೆಮನೆಯಿಂದ ಓಡಿಬಂದ ಅಮ್ಮ, ಮನೆಯೊಳಗೆ ಮೀನು ತಂದವರು ಯಾರೆಂದು ಕೇಳಿದ್ದು ಇಂದಿಗೂ ನಮ್ಮಲ್ಲಿ ನಗೆಯ ಮಾತು.

ಆ ವಾಸನೆ, ಆಂಪ್ಲಿಫೈಯರಿನೊಳಗೆ ಕರೆಂಟಿನ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರಿನ ಒಳದ್ರವದ್ದು. ಅದರೊಳಗಿನ ಅಲ್ಯೂಮಿನಿಯಂ ಹಾಳೆಯ ಮೇಲಿರುವ ತೆಳುವಾದ ಆಕ್ಸೈಡ್ ಪದರವು ಬಹುಕಾಲ ವಿದ್ಯುತ್ ಕಾಣದಿದ್ದರೆ ದುರ್ಬಲವಾಗುತ್ತದೆ; ಒಮ್ಮೆಲೇ ಪೂರ್ಣ ವೋಲ್ಟೇಜು ಬಿದ್ದಾಗ ಕರೆಂಟು ಸೋರಿ, ಕೆಪಾಸಿಟರು ಕಾದು ಒಡೆಯುತ್ತದೆ. ಆದ್ದರಿಂದ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದು, 60 ವ್ಯಾಟಿನ ಹಳೆಯ ತಂತಿಯ ಬಲ್ಬೊಂದನ್ನು ಸೀರೀಸಿನಲ್ಲಿ, ಅಂದರೆ ಆಂಪ್ಲಿಫೈಯರಿಗೆ ಹೋಗುವ ಕರೆಂಟು ಬಲ್ಬಿನ ಮೂಲಕವೇ ಹಾಯುವಂತೆ ಜೋಡಿಸಿ, ಸ್ಪೀಕರುಗಳನ್ನು ಬಿಚ್ಚಿಟ್ಟು ಸ್ವಿಚ್ ಹಾಕಿಸಿ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಶುಭಲಕ್ಷಣ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ. ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜು ಉಳಿದಿರಬಹುದಾದ್ದರಿಂದ ಒಳಗೆ ಬೆರಳು ಹಾಕಬಾರದು.

ನಮ್ಮ ಘಟ್ಟದ ಮೇಲಿನ ಶತ್ರು ಬೂಷ್ಟು. ನಿಮ್ಮಲ್ಲಿ ಅದರ ಜೊತೆಗೆ ಉಪ್ಪುಗಾಳಿಯೂ ಇದೆ. ಹಿಂಬದಿಯ ಸಾಕೆಟ್ಟುಗಳು ಹಸಿರುಗಟ್ಟಿದ್ದರೆ, ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಗುಂಡಿಯನ್ನು ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿ. ಹೊಲಿಗೆ ಯಂತ್ರದ ಎಣ್ಣೆ ಬಿಡುವವರಿದ್ದಾರೆ. ಅದರಿಂದ ಧೂಳು ಅಂಟುವುದೇ ಹೊರತು ಬೇರೆ ಲಾಭವಿಲ್ಲ. ಸ್ಪೀಕರಿನ ಅಂಚು ಫೋಮಿನದಾಗಿದ್ದರೆ ಮುಟ್ಟಿದೊಡನೆ ಪುಡಿಯಾದೀತು, ಆದರೆ ಅಂಚನ್ನಷ್ಟೇ ಬದಲಾಯಿಸಲು ಸಾಧ್ಯವಿರುವುದರಿಂದ ಸ್ಪೀಕರನ್ನು ಗುಜರಿಗೆ ಹಾಕಬೇಡಿ.

ಇನ್ನು ಟರ್ನ್‌ಟೇಬಲ್ಲಿನ ತಟ್ಟೆಯನ್ನು ತಿರುಗಿಸುವ ರಬ್ಬರ್ ಬೆಲ್ಟು. ಅಪ್ಪ ಮಲ್ಲಿಕಾರ್ಜುನ ಮನಸೂರರ ಒಂದು ಎಲ್‌ಪಿಯ ಷಡ್ಜಕ್ಕೆ ಸರಿಹೊಂದುವ ಹಾರ್ಮೋನಿಯಂ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಸಣ್ಣ ಗೀಟು ಎಳೆದಿಟ್ಟಿದ್ದರು. ಆ ಗೀಟಿನ ಸ್ವರಕ್ಕಿಂತ ಹಾಡು ತುಸು ಕೆಳಗಿಳಿದ ದಿನ, ಬೆಲ್ಟು ಸಡಿಲವಾಯಿತೆಂದು ಅವರು ಮ್ಯಾಟನ್ನು ಎತ್ತಿ ನೋಡುತ್ತಿದ್ದರು. ಅಷ್ಟು ಕಿವಿ ಇಲ್ಲದ ನಾನು, ತಿರುಗುವ ತಟ್ಟೆಯ ಮೇಲಿಟ್ಟು ವೇಗ ನೋಡುವ, ವೃತ್ತಾಕಾರವಾಗಿ ಗೆರೆ ಮುದ್ರಿಸಿದ ಸ್ಟ್ರೋಬ್ ಕಾಗದವನ್ನು ನಂಬಿದ್ದೇನೆ: ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಉರಿಯುವ ಹಳೆಯ ಚೋಕಿನ ಟ್ಯೂಬ್‌ಲೈಟಿನ ಕೆಳಗೆ, ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತಿನ ವೇಗಕ್ಕೆ, ವೃತ್ತದ 180 ಗೆರೆಗಳು ನಿಂತಂತೆ ಕಾಣಬೇಕು. ನಿಮ್ಮ ಬೆಲ್ಟು ಇಷ್ಟು ವರ್ಷಗಳಲ್ಲಿ ಸಡಿಲಾಗಿರಬಹುದು ಅಥವಾ ಕರಗಿ ಡಾಂಬರಿನಂತೆ ಅಂಟಿರಬಹುದು. ಹಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸದನ್ನು ಹಾಕಿ.

ಅದೇ ಆಲ್ಕೊಹಾಲನ್ನು ನಿಮಿಷಕ್ಕೆ 78 ಸುತ್ತಿನ ಹಳೆಯ ಅರಗಿನ ರೆಕಾರ್ಡುಗಳಿಗೆ ಮಾತ್ರ ಸೋಕಿಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ಬೂಷ್ಟು ಹಿಡಿದ ಎಲ್‌ಪಿಗಳನ್ನು, ನಡುವಿನ ಲೇಬಲ್ ನೆನೆಯದಂತೆ, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ಡಿಸ್ಟಿಲ್ಡ್ ವಾಟರಿನಿಂದ ಮೆದುವಾಗಿ ಒರೆಸಿ, ಒಳಗಿನ ಕಾಗದದ ಚೀಲಗಳನ್ನು ಎಸೆದು ಹೊಸದನ್ನು ಹಾಕಿ ನೆಟ್ಟಗೆ ನಿಲ್ಲಿಸಿಡಿ. ಬಲ್ಬಿನ ಪರೀಕ್ಷೆ ಮುಗಿದ ಮೇಲೆ ಅದು ಹೇಗೆ ಉರಿಯಿತೆಂದು ಇಲ್ಲಿ ಬರೆಯಿರಿ. ಸೂಜಿಯ ವಿಚಾರವನ್ನು ಆಮೇಲೆ ನೋಡೋಣ.