ಎಂಟನೇ ಕ್ಲಾಸಿನ ಮಕ್ಕಳಿಗೆ ಸೌರಮಾರುತದ ಬಗ್ಗೆ ಮಾತಾಡಬೇಕು, ಎಷ್ಟು ಸರಳ ಮಾಡಲಿ?

ಸೌರಮಾರುತದ (ಸೂರ್ಯನಿಂದ ಸದಾ ಹೊರಬರುವ ಕಣಗಳ ಹರಿವು) ಮೇಲೆ ನಿಮ್ಮ ಪಿಎಚ್‌ಡಿ, ಶಾಲೆಯಿಂದ ಕರೆ, ಸ್ಲೈಡ್ ಎಷ್ಟಿರಬೇಕು ಅನ್ನುವ ತಲೆಬಿಸಿ. ನಿಮ್ಮ ಪ್ರಶ್ನೆ ಓದಿ ನಗು ಬಂತು, ಹಿಂದೆಯೇ ಮುಜುಗರವೂ ಆಯಿತು. ಹತ್ತು ವರ್ಷದ ಹಿಂದೆ ನಾನೂ ಹೀಗೇ ಇದ್ದೆ.

45 ನಿಮಿಷದ ಪೀರಿಯಡ್ಡಿಗೆ 54 ಸ್ಲೈಡ್ ಹೊತ್ತುಕೊಂಡು ಹೋಗಿದ್ದೆ. ಆದರೆ ಕೆಟ್ಟಿದ್ದು ಸ್ಲೈಡಿನಿಂದ ಅಲ್ಲ. ಮಾತು ಚೆನ್ನಾಗಿಯೇ ಹೋಯಿತು. ಸೂರ್ಯನಿಂದ ಹೊರಟ ಕಣಗಳು ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬಂದರೂ ಭೂಮಿ ಮುಟ್ಟಲು ನಾಲ್ಕು ದಿನ ಬೇಕು ಅಂದಾಗ ಇಡೀ ಕ್ಲಾಸು ಕಣ್ಣರಳಿಸಿ ಕೂತಿತ್ತು.

ಕೊನೆಯಲ್ಲಿ ಒಬ್ಬ ಹುಡುಗ ಎದ್ದು ನಿಂತ. "ಸರ್, ಬಾಹ್ಯಾಕಾಶದಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ಅಲ್ಲಿ ತೇಲ್ತಾರೆ ಅಂತ ಮಿಸ್ ಹೇಳಿದ್ರು. ಹೌದಾ?"

ನಾನು ನಕ್ಕೆ. "ಇಲ್ಲಪ್ಪ, ಅದು ಪೂರ್ತಿ ತಪ್ಪು" ಅಂದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಅಲ್ಲೂ ನೆಲದ ಮೇಲಿರುವ ಗುರುತ್ವದ ಶೇ. 90ರಷ್ಟು ಇದ್ದೇ ಇದೆ, ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತಾ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ತೇಲಿದ ಹಾಗೆ ಆಗುತ್ತೆ ಅಂತ ವಿವರಿಸಿದೆ. ಒಂದಕ್ಷರ ತಪ್ಪಿರಲಿಲ್ಲ. ನಾನು ಮಾತಾಡುತ್ತಿದ್ದಾಗ ಮಕ್ಕಳೆಲ್ಲ ಹಿಂದೆ ತಿರುಗಿ ಟೀಚರ್ ಮುಖ ನೋಡಿದರು. ನನಗೆ ಅದು ಕಂಡಿತು. ಕಂಡೂ ನಿಲ್ಲಿಸಲಿಲ್ಲ.

ಆ ಶಾಲೆಗೆ ಆರು ಸಲ ಹೋಗುವ ಯೋಜನೆ ಇತ್ತು. ಎರಡನೇ ಭೇಟಿಗೆ ಮೇಲ್ ಹಾಕಿದೆ, ಉತ್ತರ ಇಲ್ಲ. ಮತ್ತೆ ಕೇಳಿದಾಗ "ಸಿಲೆಬಸ್ ಮುಗಿದಿಲ್ಲ" ಅಂತ ಒಂದು ಸಾಲು ಬಂತು. ವರ್ಷ ಕಳೆದ ಮೇಲೆ ಅಲ್ಲಿನ ಬೇರೊಬ್ಬ ಟೀಚರ್ ಸಿಕ್ಕಿ ಹೇಳಿದರು: ಆ ಕ್ಲಾಸಿನ ಮಿಸ್ ತಿಂಗಳಿಗೊಂದು ಸಂಜೆ ಮಕ್ಕಳನ್ನು ಸೇರಿಸಿ ದೂರದರ್ಶಕದಲ್ಲಿ ಚಂದ್ರನನ್ನು ತೋರಿಸುತ್ತಿದ್ದರಂತೆ. ಯಾರೂ ಹೇಳದೇ ತಾವಾಗಿಯೇ ಶುರು ಮಾಡಿದ್ದು. ನಾನು ಹೋಗಿ ಬಂದ ಮೇಲೆ ನಿಲ್ಲಿಸಿಬಿಟ್ಟರು. "ನಾನು ಏನಾದ್ರೂ ತಪ್ಪು ಹೇಳಿಬಿಟ್ಟರೆ?" ಅನ್ನುತ್ತಿದ್ದರಂತೆ.

ಇದನ್ನು ಹೇಳಿದಾಗೆಲ್ಲ ಜನ "ಸ್ವಲ್ಪ ನಯವಾಗಿ ಹೇಳಬೇಕಿತ್ತು" ಅನ್ನುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. "ಮಿಸ್ ಹೇಳಿದ್ದು ಗಗನಯಾತ್ರಿಗೆ ಏನು ಅನಿಸುತ್ತೆ ಅನ್ನೋದನ್ನ" ಅಂತ ತೇಪೆ ಹಾಕಬಹುದಿತ್ತು, ನಿಜ. ಆದರೆ ತಪ್ಪು ಆದದ್ದು ಆ ಕ್ಷಣದಲ್ಲಿ ಅಲ್ಲ, ಅದಕ್ಕಿಂತ ಎರಡು ವಾರ ಮುಂಚೆ. ನಾನು ಆ ಟೀಚರ್‌ಗೆ ಒಂದು ಫೋನ್ ಮಾಡಿರಲಿಲ್ಲ. ಮಾತಾಡಿದ್ದು ಮುಖ್ಯೋಪಾಧ್ಯಾಯರ ಜೊತೆ. ಅದೂ ಪ್ರೊಜೆಕ್ಟರ್ ಇದೆಯಾ ಅಂತ ಕೇಳೋಕೆ! ಟೀಚರ್ ಜೊತೆ ಹತ್ತು ನಿಮಿಷ ಮಾತಾಡಿದ್ದರೆ ಈಗ ಯಾವ ಪಾಠ ನಡೀತಿದೆ, ಮಕ್ಕಳು ಏನು ಕೇಳ್ತಾರೆ ಅಂತ ಗೊತ್ತಾಗುತ್ತಿತ್ತು. ತೇಲುವ ವಿಷಯ ಬಂದೇ ಬರುತ್ತಿತ್ತು, ಎಲ್ಲ ಕ್ಲಾಸಲ್ಲೂ ಬರುತ್ತೆ. ಆಗ ನಾನು ಆಕೆಗೆ ತೂತಿನ ಬಾಟಲಿ ವಿಷಯ ಹೇಳಬಹುದಿತ್ತು. ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿದರೆ ನೀರು ಚಿಮ್ಮುತ್ತದೆ. ಎತ್ತರದಿಂದ ಕೈಬಿಟ್ಟರೆ, ಬೀಳುತ್ತಿರುವಷ್ಟು ಹೊತ್ತು ಚಿಮ್ಮುವುದು ನಿಲ್ಲುತ್ತದೆ. ಗುರುತ್ವ ಎಲ್ಲೂ ಹೋಗಿಲ್ಲ. ನೀರೂ ಬಾಟಲಿಯೂ ಒಟ್ಟಿಗೆ ಬೀಳುತ್ತಿವೆ, ಅಷ್ಟೆ. ಅದನ್ನು ಆಕೆಯೇ ಮಾಡಿ ತೋರಿಸುತ್ತಿದ್ದರು. ಮುಂದಿನ ವರ್ಷವೂ, ಅದರಾಚೆ ವರ್ಷವೂ. ನಲವತ್ತು ಮಕ್ಕಳ ಕ್ಲಾಸು, ಇಪ್ಪತ್ತು ವರ್ಷದ ನೌಕರಿ ಅಂದರೆ 800 ಮಕ್ಕಳು. ನಾನು ವರದಿಯಲ್ಲಿ "ಒಂದು ತರಗತಿ, 40 ವಿದ್ಯಾರ್ಥಿಗಳನ್ನು ತಲುಪಿದೆವು" ಅಂತ ಬರೆದುಕೊಂಡೆ.

ಹಾಗಾಗಿ, ಎಷ್ಟು ಸರಳ ಮಾಡಲಿ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಪ್ರಬಂಧವನ್ನು ಸಣ್ಣ ಮಾಡಿ ತನ್ನಿ ಅಂತ ಯಾವ ಮಗುವೂ ಕೇಳಿಲ್ಲ. ಒಂದು ಗಂಟೆಯ ಭಾಷಣಕ್ಕೆ ಹೋಗಲೇಬೇಡಿ. ಹೋಗುವುದಾದರೆ ಮೂರು ಸಲ ಹೋಗಿ. ಮೊದಲ ಸಲ ಸುಮ್ನೆ ಹಿಂದಿನ ಬೆಂಚಲ್ಲಿ ಕೂತು ಟೀಚರ್ ಪಾಠ ಕೇಳಿ.

ನಿಮ್ಮ ಹತ್ತಿರ ಇರುವ, ಪಠ್ಯಪುಸ್ತಕದಲ್ಲಿ ಇಲ್ಲದ ವಸ್ತು ಒಂದೇ: ಇವತ್ತಿನ ಸೂರ್ಯ. ಸೂರ್ಯನನ್ನು ಗಮನಿಸಲೆಂದೇ 1995ರಲ್ಲಿ ಹಾರಿದ ಸೋಹೋ ನೌಕೆಯ ಚಿತ್ರಗಳು ಯಾರಿಗೂ ಉಚಿತ. ಅದರ ಚಿತ್ರಗಳಲ್ಲಿ 5,000ಕ್ಕೂ ಹೆಚ್ಚು ಧೂಮಕೇತುಗಳು ಸಿಕ್ಕಿವೆ, ಬಹುಪಾಲು ಹುಡುಕಿದ್ದು ಹವ್ಯಾಸಿಗಳು. ಈಗಿನ ಸೌರವೀಕ್ಷಣಾ ನೌಕೆಗಳ ಚಿತ್ರಗಳೂ ದಿನಾ ಸಿಗುತ್ತವೆ. ದಿನಕ್ಕೊಂದು ಚಿತ್ರ ಟೀಚರ್‌ಗೆ ಕಳಿಸಿ, ಮಕ್ಕಳು ಸೂರ್ಯನ ಮೇಲಿನ ಕಪ್ಪು ಕಲೆಗಳ ಜಾಗ ಗುರುತು ಮಾಡಲಿ. ಎರಡು ವಾರದಲ್ಲಿ ಕಲೆ ಒಂದು ಅಂಚಿನಿಂದ ಇನ್ನೊಂದಕ್ಕೆ ಸರಿದಿರುತ್ತದೆ. ಸೂರ್ಯ ತಿರುಗುತ್ತಿದ್ದಾನೆ ಅಂತ ನೀವು ಹೇಳಬೇಕಾಗಿಯೇ ಇಲ್ಲ. 1612ರಲ್ಲಿ ಗೆಲಿಲಿಯೋ ಮಾಡಿದ್ದೂ ಇದನ್ನೇ ಅಲ್ವಾ, ದಿನಾ ಕಲೆಗಳ ಚಿತ್ರ ಬಿಡಿಸಿದ್ದು. (ಯಾರೂ ಸೂರ್ಯನನ್ನು ನೇರವಾಗಿ ನೋಡಬಾರದು, ದೂರದರ್ಶಕದಲ್ಲಂತೂ ಬೇಡವೇ ಬೇಡ. ಇದನ್ನು ಮೊದಲ ದಿನವೇ ಹೇಳಿ.) ಮೂರನೇ ಭೇಟಿಯಲ್ಲಿ ಆ ಕಲೆಗಳಿಂದ ಸೌರ ಸ್ಫೋಟಕ್ಕೆ, ಅಲ್ಲಿಂದ ಸೌರಮಾರುತಕ್ಕೆ ಬನ್ನಿ. ಅಷ್ಟು ಹೊತ್ತಿಗೆ ಅವರೇ ಕೇಳುತ್ತಿರುತ್ತಾರೆ.

ಕಳೆದ ವರ್ಷ ಬೇರೊಂದು ಶಾಲೆಯಲ್ಲಿ ಅದೇ ತೇಲುವ ಪ್ರಶ್ನೆ ಬಂತು. ನಾನು ಬಾಯಿ ತೆಗೆಯಲಿಲ್ಲ, ಟೀಚರ್ ಕಡೆ ನೋಡಿದೆ. ಅವರು ಮೇಜಿನ ಕೆಳಗಿನಿಂದ ಬಾಟಲಿ ತೆಗೆದು ಕುರ್ಚಿ ಹತ್ತಿ ನಿಂತರು. ನೆಲವೆಲ್ಲ ನೀರಾಯಿತು. "ಮಿಸ್, ಇನ್ನೊಂದ್ ಸಲ!" ಅಂತ ಮಕ್ಕಳು ನಾಲ್ಕು ಸಲ ಮಾಡಿಸಿದರು. ನಾನು ಒರೆಸುವ ಬಟ್ಟೆ ಹುಡುಕುತ್ತಿದ್ದೆ.