ಹುಲಿ ಇದ್ದರೆ ಟಿಪ್ಪುವಿನದೇ?

ಪ್ರಶ್ನೆ: ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಸೈನಿಕರ ಟೋಪಿ ಬ್ಯಾಡ್ಜ್ ಒಂದನ್ನು ಕೊಂಡೆ. ನಡುವೆ ಹಳದಿ ಲೋಹದ ಹುಲಿ. ಮೇಲಿನ ಬಿಳಿ ಪಟ್ಟಿಯಲ್ಲಿ ‘ಹಿಂದೂಸ್ತಾನ್’, ಕೆಳಗಿನದರಲ್ಲಿ ‘ಲೆಸ್ಟರ್‌ಶೈರ್’ ಎಂದು ಇಂಗ್ಲಿಷ್ ಅಕ್ಷರಗಳಿವೆ. ಟಿಪ್ಪು ಕಾಲದ್ದು ಎಂದರು. ಹೌದೇ? ಅಸಲಿ ಎಂದು ತಿಳಿಯುವುದು ಹೇಗೆ?

ಉತ್ತರ: ಟಿಪ್ಪುವಿಗೂ ಇದಕ್ಕೂ ಸಂಬಂಧವಿಲ್ಲ. ಇದು ಬ್ರಿಟನ್ನಿನ ಲೆಸ್ಟರ್‌ಶೈರ್ ರೆಜಿಮೆಂಟಿನ ಬ್ಯಾಡ್ಜ್. ಅವರ ಹಳೆಯ 17ನೇ ಕಾಲ್ದಳ ಭಾರತಕ್ಕೆ ಬಂದದ್ದು 1804ರಲ್ಲಿ, ಶ್ರೀರಂಗಪಟ್ಟಣ ಬಿದ್ದು ಐದು ವರ್ಷ ಆದ ಮೇಲೆ. 1823ರವರೆಗೆ ಇಲ್ಲಿದ್ದರು. ಆ ಸೇವೆಯ ಗೌರವಕ್ಕೆ 1825ರಲ್ಲಿ ಹುಲಿಯನ್ನೂ ‘ಹಿಂದೂಸ್ತಾನ್’ ಪದವನ್ನೂ ಕೊಟ್ಟರು. ನಿಮ್ಮ ಕೈಯಲ್ಲಿರುವಂಥ ಟೋಪಿ ಬ್ಯಾಡ್ಜ್ ಬಳಕೆಗೆ ಬಂದದ್ದು ಇನ್ನೂ ತಡವಾಗಿ, 1890ರ ದಶಕದ ಕೊನೆಯಲ್ಲಿ.

ಕಾಲ ಹಿಡಿಯಲು ಕೆಳಗಿನ ಪಟ್ಟಿ ಓದಿ. ರೆಜಿಮೆಂಟಿಗೆ ‘ರಾಯಲ್’ ಬಿರುದು ಬಂದದ್ದು 1946ರಲ್ಲಿ. ನಿಮ್ಮದರಲ್ಲಿ ಆ ಪದ ಇಲ್ಲ, ಹಾಗಾಗಿ ವಿನ್ಯಾಸ ಅದಕ್ಕಿಂತ ಹಿಂದಿನದು. ಇದೇ ಬ್ಯಾಡ್ಜ್ ಪೂರ್ತಿ ಹಿತ್ತಾಳೆಯದಾಗಿದ್ದರೆ 1916ರ ಸುತ್ತಿನದು ಎನ್ನುತ್ತಿದ್ದೆ. ಯುದ್ಧದ ಉಳಿತಾಯಕ್ಕಾಗಿ ಆಗ ಎರಡು ಲೋಹದ ಕೆಲಸ ಬಿಟ್ಟು ಒಂದೇ ಲೋಹದಲ್ಲಿ ಮಾಡಿದ್ದರು.

ಇನ್ನು ಅಸಲಿತನ. ಬ್ಯಾಡ್ಜನ್ನು ತಿರುಗಿಸಿ ಹಿಂಭಾಗ ನೋಡಿ. ಅಸಲಿಯನ್ನು ತೆಳು ತಗಡಿನ ಮೇಲೆ ಅಚ್ಚು ಒತ್ತಿ ಮಾಡುತ್ತಿದ್ದರು. ಮುಂದೆ ಉಬ್ಬಿದ್ದ ಕಡೆ ಹಿಂದೆ ತಗ್ಗು ಇರಬೇಕು. ಹಿಂಭಾಗ ಚಪ್ಪಟೆಯಾಗಿ, ತೂಕ ಜಾಸ್ತಿ ಇದ್ದು, ಸಣ್ಣ ಸಣ್ಣ ಗುಳಿಗಳಿದ್ದರೆ ಅದು ಎರಕದ ನಕಲು.

ಸವೆತವನ್ನು ನಾನು ಎಲ್ಲಕ್ಕಿಂತ ಹೆಚ್ಚು ನಂಬುತ್ತೇನೆ. ಸೈನಿಕ ದಿನಾ ತಿಕ್ಕಿ ಹೊಳಪು ಕೊಟ್ಟಿದ್ದರೆ ಹುಲಿಯ ಮುಖ, ಭುಜದಂಥ ಎತ್ತರದ ಜಾಗ ಸವೆಯುತ್ತದೆ. ತಗ್ಗಿನ ಗೆರೆಗಳು ಚೂಪಾಗೇ ಉಳಿಯುತ್ತವೆ. ಎರಕದಲ್ಲಿ ತಗ್ಗು, ಎತ್ತರ ಎರಡೂ ಒಟ್ಟಿಗೆ ಮಂಕಾಗಿರುತ್ತವೆ. ಭೂತಗನ್ನಡಿ ಹಿಡಿದು ಪಟ್ಟೆಗಳ ನಡುವೆ ನೋಡಿ, ವ್ಯತ್ಯಾಸ ಕಾಣುತ್ತದೆ.

ಕಷ್ಟ ಇರುವುದು ಹಳೆಯ ಅಚ್ಚಿನಿಂದಲೇ ಮತ್ತೆ ಒತ್ತಿದವುಗಳಲ್ಲಿ. ಮುಂಭಾಗ ಪೂರ್ತಿ ಸರಿ ಇರುತ್ತದೆ! ಟೋಪಿಗೆ ಸಿಕ್ಕಿಸುವ ಹಿಂದಿನ ಪಟ್ಟಿಯ ಬೆಸುಗೆ ಹೊಸದಾಗಿ ಹೊಳೆಯುತ್ತಿದ್ದರೆ, ಎಲ್ಲೂ ಕೊಳೆ ಕೂತಿರದಿದ್ದರೆ ಅನುಮಾನ ಪಡಿ. ‘ಗಾಂಟ್’ ಎಂಬ ತಯಾರಕರ ಮುದ್ರೆ ಇದೆ ಅಂತ ಸುಮ್ನೆ ನಂಬಬೇಡಿ, ಆ ಮುದ್ರೆ ನಕಲುಗಳಲ್ಲೂ ಇರುತ್ತದೆ. ಮತ್ತೆ, ದಯವಿಟ್ಟು ಪಾಲಿಶ್ ಹಾಕಬೇಡಿ. ಹಳೆಯ ಬಣ್ಣ ಹೋದರೆ ಮರಳಿ ಬರದು.

ಪ್ರಶ್ನೆ: ನನ್ನ ಹತ್ತಿರ ಬ್ರಿಟಿಷ್ ಸೇನೆಯ ಎಂಜಿನಿಯರ್ ದಳವಾದ ರಾಯಲ್ ಎಂಜಿನಿಯರ್ಸ್‌ನ ಬ್ಯಾಡ್ಜ್ ಇದೆ. ಕಿರೀಟ ನೋಡಿ ಕಾಲ ಹೇಳಬಹುದೇ?

ಉತ್ತರ: ಸ್ವಲ್ಪ ಮಟ್ಟಿಗೆ. ಗುಮ್ಮಟದಂತೆ ದುಂಡಗಿದ್ದರೆ 1901ರಿಂದ 1952ರ ನಡುವಿನದು. ಮೇಲ್ಭಾಗ ನಡುವೆ ತಗ್ಗಿದ್ದರೆ ರಾಣಿಯರ ಕಾಲದ್ದು. ಎಲಿಜಬೆತ್ ಕಾಲದ ಬ್ಯಾಡ್ಜನ್ನು ವಿಕ್ಟೋರಿಯಾ ಕಾಲದ್ದೆಂದು ಮಾರುವುದು ಈ ಹೋಲಿಕೆ ಹಿಡಿದೇ. 2022ರಲ್ಲಿ ಚಾರ್ಲ್ಸ್ ದುಂಡನೆ ಕಿರೀಟವನ್ನೇ ಆರಿಸಿಕೊಂಡದ್ದರಿಂದ ಹೊಚ್ಚ ಹೊಸವೂ ಹಾಗೇ ಇರಬಹುದು. ನಿಮ್ಮ ಬ್ಯಾಡ್ಜಿಗೆ ಕಿರೀಟಕ್ಕಿಂತ ಒಳ್ಳೆ ಸುಳಿವು ನಡುವಿನ ಅಕ್ಷರಗಳು. ‘ಜಿ ವಿ ಆರ್’ ಇದ್ದರೆ ಐದನೇ ಜಾರ್ಜ್, 1910ರಿಂದ 1936. ‘ವಿ’ ಪಕ್ಕದಲ್ಲಿ ‘ಐ’ ಕೂಡ ಇದ್ದರೆ ಆರನೇ ಜಾರ್ಜ್, 1936ರಿಂದ 1952.