ಸಿಟಿಯಲ್ಲಿ ದಿನಾ ಜೇಬಿನಲ್ಲಿಡಲು ಸಣ್ಣ ಮಡಚುವ ಚಾಕು: ಯಾವುದು ತಗೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಓಡಾಡುತ್ತೀರಿ. ಕೊರಿಯರ್ ಡಬ್ಬ ಬಿಚ್ಚಲು, ಮಧ್ಯಾಹ್ನ ಒಂದು ಹಣ್ಣು ಹೆಚ್ಚಲು, ದಾರ, ಟ್ಯಾಗ್ ಕತ್ತರಿಸಲು ಸಣ್ಣ ಮಡಚುವ ಚಾಕು ಬೇಕು. ಆನ್‌ಲೈನಿನಲ್ಲಿ ಹುಡುಕಿದರೆ ಬರೋದೆಲ್ಲ ಕಪ್ಪು ಬಣ್ಣದ, ದಪ್ಪ ಅಲಗಿನ, ಲಾಕ್ ಇರುವ ‘ಟ್ಯಾಕ್ಟಿಕಲ್’ ಚಾಕುಗಳೇ. ಯಾವುದು ತಗೊಳ್ಳಲಿ, ಲಾಕ್ ಬೇಕೇ ಬೇಕಾ, ಸ್ಟೀಲ್ ಯಾವುದಿರಬೇಕು, ಮೆಟ್ರೊದಲ್ಲಿ ಬಿಡ್ತಾರಾ?

ಆ ಕಪ್ಪು ಚಾಕುಗಳನ್ನು ಬಿಟ್ಟುಬಿಡಿ. ನೀವು ಹೇಳಿದ ಕೆಲಸಕ್ಕೆ ಬೇಕಾಗಿರುವುದು ಎರಡರಿಂದ ಎರಡೂವರೆ ಇಂಚಿನ ಅಲಗು, ಬೆನ್ನಿನಲ್ಲಿ ಎರಡು ಮಿಲಿಮೀಟರ್ ಆಸುಪಾಸು ದಪ್ಪ, ಸ್ಟೇನ್‌ಲೆಸ್, ಎರಡೂ ಕೈ ಬಳಸಿ ಉಗುರಿನಿಂದ ಬಿಚ್ಚುವಂಥದ್ದು. ಲಾಕ್ ಇಲ್ಲದಿದ್ದರೂ ನಡೆಯುತ್ತದೆ. ಜನ ಮೊದಲು ಸ್ಟೀಲಿನ ಹೆಸರು ಕೇಳುತ್ತಾರೆ, ಕೊನೆಗೆ ದಪ್ಪ ನೋಡುತ್ತಾರೆ. ನಾನು ಇದನ್ನು ಪೂರ್ತಿ ತಿರುಗಿಸಿ ಹೇಳುತ್ತೇನೆ: ಮೊದಲು ದಪ್ಪ, ಕೊನೆಗೆ ಸ್ಟೀಲು.

ಕಾರಣ ನೋಡಿ. ಮೂರೂವರೆ ಮಿಲಿಮೀಟರ್ ದಪ್ಪದ ಅಲಗನ್ನು ಎಷ್ಟೇ ಹರಿತ ಮಾಡಿ, ಸೇಬಿನೊಳಕ್ಕೆ ಅರ್ಧ ಇಳಿಯುವಷ್ಟರಲ್ಲಿ ಬೆನ್ನು ಬೆಣೆಯ ಹಾಗೆ ಕೆಲಸ ಮಾಡಿ ಹಣ್ಣು ಚಟ್ ಅಂತ ಸೀಳಿಕೊಳ್ಳುತ್ತದೆ. ಸೀಬೆಕಾಯಿಯಲ್ಲೂ ಅದೇ ಕಥೆ. ಡಬಲ್ ಪದರದ ರಟ್ಟಿನ ಡಬ್ಬದಲ್ಲಿ ಅಲಗು ಎರಡು ಇಂಚು ಹೋಗಿ ಸಿಕ್ಕಿಕೊಳ್ಳುತ್ತದೆ. ಆಗ ನೀವು ಜೋರು ಹಾಕುತ್ತೀರಿ, ಜೋರು ಹಾಕಿದಾಗ ಜಾರುತ್ತದೆ. ಕೈ ಕುಯ್ದುಕೊಳ್ಳುವುದು ಬಹುಪಾಲು ಹೀಗೇ, ಹರಿತ ಹೆಚ್ಚಾಗಿ ಅಲ್ಲ. ತೆಳ್ಳಗಿನ ಅಲಗಿಗೆ ಆ ಜೋರೇ ಬೇಕಾಗುವುದಿಲ್ಲ. ಚಾಕುವನ್ನು ಮೊನೆಯ ಕಡೆಯಿಂದ ಕಣ್ಣಿಗೆ ನೇರವಾಗಿ ಹಿಡಿದು ನೋಡಿ. ಬೆನ್ನಿನಿಂದ ಬಾಯಿಯವರೆಗೂ (ಹರಿತದ ಅಂಚು) ಒಂದೇ ಸಮನೆ ತೆಳ್ಳಗಾಗುತ್ತಾ ಬಂದಿದ್ದರೆ ಒಳ್ಳೆಯದು. ಅಲಗಿನ ಅರ್ಧದವರೆಗೂ ದಪ್ಪವಾಗಿಯೇ ಇದ್ದು ಕೊನೆಯಲ್ಲಿ ಗಕ್ಕನೆ ಇಳಿದಿದ್ದರೆ ಅದು ಡಬ್ಬ ಬಿಚ್ಚುತ್ತದೆ, ಹಣ್ಣು ಹೆಚ್ಚುವುದಿಲ್ಲ. ಹರಿತದ ಅಂಚಿಗೆ ಸ್ವಲ್ಪ ಮೇಲೆ ಅಳೆದರೆ ಅರ್ಧ ಮಿಲಿಮೀಟರಿಗಿಂತ ಹೆಚ್ಚಿರಬಾರದು.

ಇನ್ನು ಲಾಕ್. ಲಾಕ್ ಇಲ್ಲದ ಚಾಕುವಿನಲ್ಲಿ ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಪಟ್ಟಿ ಅಲಗಿನ ಬುಡವನ್ನು ಒತ್ತಿ ನಿಲ್ಲಿಸಿರುತ್ತದೆ. ಬಾಯಿಯ ಕಡೆಗೆ ಒತ್ತಿ ಕೊಯ್ಯುವಾಗ ಅಲಗು ಇನ್ನಷ್ಟು ತೆರೆಯುವ ದಿಕ್ಕಿಗೇ ತಳ್ಳಿಸಿಕೊಳ್ಳುತ್ತದೆ, ಆದ್ದರಿಂದ ಅದು ಮಡಚಿಕೊಳ್ಳಲು ದಾರಿಯೇ ಇಲ್ಲ. ಮಡಚಿಕೊಳ್ಳುವುದು ಮುಖ್ಯವಾಗಿ ಎರಡು ಸಂದರ್ಭದಲ್ಲಿ: ಮೊನೆಯಿಂದ ಚುಚ್ಚಿದಾಗ, ಅಥವಾ ಗಟ್ಟಿ ವಸ್ತುವಿನಲ್ಲಿ ಸಿಕ್ಕಿಕೊಂಡ ಅಲಗನ್ನು ಹಿಂದಕ್ಕೆ ಎಳೆದಾಡಿದಾಗ. ಪ್ಯಾಕಿಂಗ್ ಟೇಪಿಗೆ ಮೊನೆ ಚುಚ್ಚುವ ಅಗತ್ಯವೇ ಇಲ್ಲ. ಡಬ್ಬದ ಎರಡು ಮುಚ್ಚಳ ಸೇರುವ ಗೆರೆಯ ಮೇಲೆ ಅಲಗನ್ನು ಬಹುತೇಕ ಮಲಗಿಸಿ, ಮೊನೆಯ ಹತ್ತಿರದ ಅರ್ಧ ಇಂಚಿನಿಂದ ಎಳೆದರೆ ಟೇಪು ಮಾತ್ರ ಹೋಗುತ್ತದೆ, ಒಳಗಿನ ಬಟ್ಟೆಗೆ ತಾಗುವುದಿಲ್ಲ.

ಲಾಕ್ ಇರುವುದೇ ಬೇಕು ಅನ್ನಿಸಿದರೆ ಲೈನರ್ ಲಾಕಿನಲ್ಲಿ ಒಂದು ಜಾಗ ನೋಡಲೇಬೇಕು. ಅಲಗನ್ನು ಪೂರ್ತಿ ತೆರೆದಾಗ ಒಳಗಿನ ತೆಳು ಲೋಹದ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡದ ಹಿಂದೆ ನಿಲ್ಲುತ್ತದೆ. ಆ ಬುಡದ ದಪ್ಪದಲ್ಲಿ ಮೂರರಲ್ಲಿ ಒಂದು ಪಾಲಾದರೂ ಪಟ್ಟಿ ಆವರಿಸಿರಬೇಕು. ಬರೀ ಅಂಚಿಗೆ ತಾಗಿ ನಿಂತಿದ್ದರೆ ಹಿಡಿ ತಿರುಚಿದಾಗ ಜಾರುತ್ತದೆ, ಅಲಗು ನೇರ ಬೆರಳಿನ ಮೇಲೆ ಬರುತ್ತದೆ. ಹೊಸದರಲ್ಲೇ ಆ ಕಡೆಯ ಅಂಚಿಗೆ ಹೋಗಿ ಮುಟ್ಟಿದ್ದರೆ ಸವೆಯಲು ಜಾಗ ಉಳಿದಿಲ್ಲ ಅಂತ ಅರ್ಥ. ಅಗ್ಗದ ಲಾಕನ್ನು ನಂಬಿ ಕೆಲಸ ಮಾಡುವುದಕ್ಕಿಂತ ಲಾಕ್ ಇಲ್ಲ ಅಂತ ಗೊತ್ತಿದ್ದು ಎಚ್ಚರದಿಂದ ಕೊಯ್ಯುವುದು ಎಷ್ಟೋ ಕ್ಷೇಮ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಕಾನೂನಿನ ವಿಷಯ. 2016ರ ಆಯುಧ ನಿಯಮಗಳು ಹೆಸರಿಸುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗನ್ನು. ಮನೆಗೆಲಸ, ಬೇಸಾಯಕ್ಕೆಂದು ಮಾಡಿದ್ದನ್ನು ಅಲ್ಲೂ ಹೊರಗಿಟ್ಟಿದ್ದಾರೆ. ನಿಮ್ಮ ಎರಡೂವರೆ ಇಂಚು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಎಲ್ಲಿ ಬೇಕಾದರೂ ಒಯ್ಯಬಹುದು ಅಂದುಕೊಳ್ಳಬೇಡಿ. ಬಂದ್, ಗಲಾಟೆ, ಚುನಾವಣೆ ಸಮಯದಲ್ಲಿ ನಿಷೇಧಾಜ್ಞೆ ಹೊರಡಿಸಿದಾಗ (ಹಿಂದೆ 144, ಈಗ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ) ಆದೇಶದಲ್ಲಿ ದೊಣ್ಣೆ, ಕತ್ತಿ, ಈಟಿಯ ಜೊತೆ ಚಾಕುವಿನ ಹೆಸರೂ ಸಾಮಾನ್ಯವಾಗಿ ಇರುತ್ತದೆ. ಅಂಥ ದಿನ ಮನೆಯಲ್ಲೇ ಬಿಡಿ. ಕೆಲಸದ ಮೇಲೆ ದೆಹಲಿಗೆ ಹೋಗುವವರಾದರೆ ಇದನ್ನೂ ನೆನಪಿಡಿ: ಅಲ್ಲಿ 1980ರ ಒಂದು ಅಧಿಸೂಚನೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲದ ಅಳತೆ ಇಟ್ಟು ಬಟನ್ ಚಾಕುಗಳ ಮೇಲೆ ನಿರ್ಬಂಧ ಹಾಕಿದೆ. ಗುಂಡಿ ಒತ್ತಿದರೆ ಚಿಮ್ಮುವ, ರಾಂಪುರಿ ಮಾದರಿಯ ಚಾಕು ಯಾವ ಊರಿನಲ್ಲೂ ಬೇಡ. ನೋಡಿದವರಿಗೆ ಅದು ಚಾಕುವಲ್ಲ, ಚೂರಿ. ಲಂಡನ್ನಿನಲ್ಲಿರುವ ಕನ್ನಡಿಗರು ಓದುತ್ತಿದ್ದರೆ ನಿಮಗೆ ಇನ್ನೂ ಬಿಗಿ: ಬ್ರಿಟನ್ನಿನಲ್ಲಿ ಕಾರಣ ಹೇಳದೆ ಒಯ್ಯಬಹುದಾದದ್ದು ಮೂರು ಇಂಚು ಮೀರದ ಬಾಯಿಯ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ.

ಆತ್ಮರಕ್ಷಣೆಗೂ ಆಗುತ್ತೆ ಅಂತ ಯಾರಾದರೂ ಹೇಳಿದರೆ ಆ ಮಾತು ಕೇಳಬೇಡಿ. ಇಷ್ಟು ಸಣ್ಣ ಅಲಗು ಅದಕ್ಕೆ ಕೆಲಸಕ್ಕೆ ಬಾರದು, ಪೊಲೀಸರು ಕೇಳಿದಾಗ ಆ ಉತ್ತರ ಕೊಟ್ಟರೆ ಹಣ್ಣಿನ ಚಾಕು ಕೂಡ ಆಯುಧವೇ ಆಗುತ್ತದೆ.

ಮೆಟ್ರೊ ಬಗ್ಗೆ: ಬ್ಯಾಗು ಸ್ಕ್ಯಾನರಿನಲ್ಲಿ ಹೋದರೆ ಚಾಕುವಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ, ನಿಲ್ಲಿಸುತ್ತಾರೆ. ಅಳತೆ ತೋರಿಸಿ ವಾದ ಮಾಡಿ ಪ್ರಯೋಜನವಿಲ್ಲ. ವಿಮಾನದ ಕ್ಯಾಬಿನ್ ಬ್ಯಾಗಿನಲ್ಲೂ ಬಿಡುವುದಿಲ್ಲ, ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಕು. ಕೋರ್ಟು, ವಿಧಾನಸೌಧ, ಸ್ಟೇಡಿಯಂಗಳಿಗೂ ಇದೇ ಮಾತು. ದಿನಾ ಮೆಟ್ರೊದಲ್ಲೇ ಹೋಗುವವರಾದರೆ ಚಾಕುವನ್ನು ಆಫೀಸಿನ ಡ್ರಾಯರಿನಲ್ಲೇ ಇಟ್ಟುಬಿಡಿ, ಅದು ಬೇಕಾಗುವುದೂ ಅಲ್ಲೇ ತಾನೆ. ಜೇಬಿಗೆ ಏನಾದರೂ ಬೇಕೇ ಬೇಕು ಅಂದರೆ ಸ್ವಿಟ್ಜರ್ಲೆಂಡಿನ ಚಾಕು ಕಂಪನಿ ವಿಕ್ಟೋರಿನಾಕ್ಸ್‌ನ ಜೆಟ್‌ಸೆಟ್ಟರ್ ಎಂಬ ಮಾದರಿಯಲ್ಲಿ ಅಲಗೇ ಇಲ್ಲ, ಪುಟ್ಟ ಕತ್ತರಿ ಇದೆ. ದಾರ, ಹಾಲಿನ ಪ್ಯಾಕೆಟ್ಟು, ಟ್ಯಾಗಿಗೆ ಅಷ್ಟು ಸಾಕು. ಅದನ್ನೂ ಬಿಡುವುದು ಬಿಡದಿರುವುದು ತಪಾಸಣೆಗೆ ನಿಂತವರಿಗೆ ಸೇರಿದ್ದು. ಬೈಕು, ಬಸ್ಸಿನಲ್ಲಿ ಓಡಾಡುವವರಿಗೆ ಈ ತಲೆನೋವಿಲ್ಲ.

ಮಾದರಿಗಳ ಹೆಸರು ಕೇಳಿದ್ದೀರಿ, ನಾನು ಮೂರು ಹೇಳುತ್ತೇನೆ. ವಿಕ್ಟೋರಿನಾಕ್ಸ್ ಕ್ಲಾಸಿಕ್ ಎಸ್‌ಡಿ: ಮಡಚಿದಾಗ 58 ಮಿ.ಮೀ., ತೂಕ 21 ಗ್ರಾಂ, ಬೀಗದಕೈ ಗೊಂಚಲಿಗೆ ಹಾಕಬಹುದು. ಅಲಗು ಒಂದೂವರೆ ಇಂಚೂ ಇಲ್ಲ, ಆದರೆ ನೀವು ಪಟ್ಟಿ ಮಾಡಿದ ಕೆಲಸದಲ್ಲಿ ಹಣ್ಣೊಂದನ್ನು ಬಿಟ್ಟು ಎಲ್ಲವನ್ನೂ ಮಾಡುತ್ತದೆ. ಹಣ್ಣೂ ಸೇರಬೇಕು ಅಂದರೆ ಅದೇ ಕಂಪನಿಯ 84 ಮಿ.ಮೀ. ಕೆಡೆಟ್. ಹಿಡಿ ಗೀರು ಗೀರಾದ ಅಲ್ಯೂಮಿನಿಯಂ, ಒದ್ದೆ ಕೈಯಲ್ಲೂ ಜಾರುವುದಿಲ್ಲ, ಚಪ್ಪಟೆಯಾಗಿರುವುದರಿಂದ ಶರಟಿನ ಜೇಬಿಗೂ ಭಾರ ಅನ್ನಿಸುವುದಿಲ್ಲ. ನನ್ನ ಆಯ್ಕೆ ಇದೇ. ಮೂರನೆಯದು ಫ್ರಾನ್ಸಿನ ಒಪಿನೆಲ್ ನಂಬರ್ 6: ಏಳು ಸೆಂಟಿಮೀಟರ್ ಅಲಗು, ಬೀಚ್ ಮರದ ಹಿಡಿ, 1955ರಿಂದ ಬಂದ ತಿರುಗಿಸುವ ಬಳೆಯ ಲಾಕ್. ಹಣ್ಣು ಹೆಚ್ಚುವುದರಲ್ಲಿ ಇದನ್ನು ಮೀರಿಸುವುದು ಕಷ್ಟ, ಅಷ್ಟು ತೆಳ್ಳಗಿನ ಅಲಗು. ಇದರಲ್ಲಿ ಕಾರ್ಬನ್, ಸ್ಟೇನ್‌ಲೆಸ್ ಎರಡೂ ಸಿಗುತ್ತವೆ. ನಮ್ಮಲ್ಲಿ ಸ್ಟೇನ್‌ಲೆಸ್ಸೇ ತಗೊಳ್ಳಿ. ಕಾರ್ಬನ್ ಅಲಗಿನಲ್ಲಿ ಮಾವಿನಕಾಯಿ ಹೆಚ್ಚಿ ಹತ್ತು ನಿಮಿಷ ಹಾಗೇ ಬಿಟ್ಟರೆ ಹುಳಿಗೆ ಕಪ್ಪಾಗುತ್ತದೆ, ಹಣ್ಣಿಗೂ ಕಬ್ಬಿಣದ ರುಚಿ ಹತ್ತುತ್ತದೆ.

ಸ್ಟೀಲಿನ ಬಗ್ಗೆ ಇಷ್ಟು ಸಾಕು. ವಿಕ್ಟೋರಿನಾಕ್ಸ್ ಅಲಗಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 55–56ರ ಸುಮಾರು. ಬೇಗ ಮೊಂಡಾಗುತ್ತದೆ ಅಂತ ದೂರುತ್ತಾರೆ, ನಿಜ. ಆದರೆ ಐದೇ ನಿಮಿಷದಲ್ಲಿ ಮತ್ತೆ ಹರಿತವಾಗುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಅಗ್ಗದ ಚಾಕುಗಳಲ್ಲಿ ಈಗ ಡಿ2 ಎಂಬ ಗಡಸು ಸ್ಟೀಲನ್ನು ದೊಡ್ಡದಾಗಿ ಹೇಳುತ್ತಾರೆ. ಅದರಲ್ಲಿ ಕ್ರೋಮಿಯಂ ಶೇ. 12ರಷ್ಟಿದ್ದರೂ ಒಂದು ಪಾಲು ಕಾರ್ಬನ್ ಜೊತೆ ಸೇರಿ ಗಟ್ಟಿ ಕಣಗಳಾಗಿರುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ಮಂಗಳೂರು, ಉಡುಪಿ ಕಡೆಯ ಹವೆಯಲ್ಲಿ, ಬೆವರಿದ ಜೇಬಿನಲ್ಲಿ ಚುಕ್ಕಿ ಚುಕ್ಕಿಯಾಗಿ ತುಕ್ಕು ಏಳುತ್ತದೆ. ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಎಂದಷ್ಟೇ ಕೆತ್ತಿ ಯಾರು ಮಾಡಿದ್ದು ಅನ್ನುವುದೂ ಇಲ್ಲದ ಚಾಕು ಬೇಡ.

ಕೈಗೆ ಬಂದ ಮೇಲೆ, ವಾಪಸು ಕೊಡುವ ಗಡುವು ಮುಗಿಯುವ ಮುಂಚೆ, ಪರೀಕ್ಷಿಸಿ. ಮಡಚಿ ಬೆಳಕಿಗೆ ಹಿಡಿದಾಗ ಅಲಗು ಎರಡು ಗೋಡೆಗಳ ನಡುವೆ ಇರಬೇಕು, ಒಂದಕ್ಕೆ ಉಜ್ಜಬಾರದು. ಮಡಚಿದ ಚಾಕುವಿನಲ್ಲಿ ಅಲಗು ಒಳಹೋಗುವ ಸೀಳಿನ ಮೇಲೆ ಹತ್ತಿಯ ಉಂಡೆ ಸವರಿ; ಎಳೆ ಸಿಕ್ಕಿಕೊಂಡರೆ ಮೊನೆ ಹೊರಗೆ ಇಣುಕುತ್ತಿದೆ, ಜೇಬೂ ಬೆರಳೂ ಎರಡೂ ಹೋಗುತ್ತವೆ. ತೆರೆದು, ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೆ ಪರವಾಗಿಲ್ಲ, ಟಕ್ ಟಕ್ ಸದ್ದು ಬಂದರೆ ಬೇಡ. ಸ್ಕ್ರೂ ಇರುವ ಚಾಕುವಾದರೆ ಕೀಲಿನ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿ ನೋಡಬಹುದು. ವಿಕ್ಟೋರಿನಾಕ್ಸ್‌ನಲ್ಲಿ ರಿವೆಟ್ ಇರುವುದರಿಂದ ಅದು ಆಗದು, ಬದಲಿಸಿಕೊಳ್ಳಿ. ಕೊನೆಗೆ, ಮುಚ್ಚುವಾಗ ಬೆರಳುಗಳು ಅಲಗಿನ ದಾರಿಯಲ್ಲಿ ಇರಬಾರದು. ಹಿಡಿಯ ಎರಡು ಬದಿ ಒಂದು ಕೈಯ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಇರಲಿ, ಇನ್ನೊಂದು ಕೈಯ ಅಂಗೈಯಿಂದ ಬೆನ್ನನ್ನು ತಳ್ಳಿ.

ಮಸೆಯುವುದನ್ನು ನೀವೇ ಕಲಿಯಿರಿ. ಬೀದಿಯಲ್ಲಿ ಸಾಣೆ ಹಿಡಿಯುವವರು ಅಡುಗೆಮನೆಯ ದೊಡ್ಡ ಚಾಕು, ಮಚ್ಚು, ಈಳಿಗೆಗೆ ಸರಿ. ಆ ಒಣ ಚಕ್ರಕ್ಕೆ ಇಷ್ಟು ತೆಳುವಾದ ಮೊನೆ ಕೊಟ್ಟರೆ ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ; ನೀಲಿಯಾದ ಜಾಗದ ಹದ ಹೋಯಿತು ಅಂತಲೇ, ಮತ್ತೆ ಹರಿತ ನಿಲ್ಲುವುದಿಲ್ಲ. 1000 ಗ್ರಿಟ್‌ನ (ಕಲ್ಲಿನ ನಯದ ಅಳತೆ) ಒಂದು ನೀರುಕಲ್ಲು, ಅಂದರೆ ನೀರಿನಲ್ಲಿ ನೆನೆಸಿ ಮಸೆಯುವ ಕಲ್ಲು, ವರ್ಷಗಟ್ಟಲೆ ಬರುತ್ತದೆ. ಕಲ್ಲು ನೆನೆಸಿ, ಅಲಗು ಮಲಗಿಸಿ, ಬೆನ್ನನ್ನು ಮೂರು ಮಿ.ಮೀ. ಎತ್ತಿ, ಅಂದರೆ ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಹನ್ನೆರಡು ಮಿ.ಮೀ. ಅಗಲದ ಅಲಗಿಗೆ ಅದು ಹದಿನೈದು ಡಿಗ್ರಿ ಕೊಡುತ್ತದೆ. ಬೆಣ್ಣೆಯ ಮೇಲಿನಿಂದ ತೆಳು ಪದರ ತೆಗೆಯುವ ಹಾಗೆ ಬಾಯಿ ಮುಂದಾಗಿ ತಳ್ಳಿ, ಒಂದೇ ಬದಿ. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಬದಿಯ ಅಂಚನ್ನು ಬೆನ್ನಿನಿಂದ ಹೊರಕ್ಕೆ ಹೆಬ್ಬೆರಳಿನಿಂದ ಸವರಿದರೆ ಸಣ್ಣ ಮುಳ್ಳಿನಂತೆ ತರಿತರಿಯಾಗಿ ಸಿಗುತ್ತದೆ. ಅದು ಬುಡದಿಂದ ಮೊನೆಯವರೆಗೂ ಸಿಗುವ ತನಕ ಬದಿ ಬದಲಿಸಬೇಡಿ. ಮೊದಮೊದಲು ಎಲ್ಲರೂ ಸೋಲುವುದು ಇಲ್ಲೇ. ಆಮೇಲೆ ಇನ್ನೊಂದು ಬದಿ, ನಂತರ ಒತ್ತಡ ಕಡಿಮೆ ಮಾಡುತ್ತಾ ಒಂದೊಂದು ಎಳೆತ ಈ ಕಡೆ ಆ ಕಡೆ, ಕೊನೆಗೆ ಹಳೇ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಹತ್ತು ಸಲ. ಕಲ್ಲು ಇಲ್ಲದಾಗ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತದಲ್ಲ, ಅದರ ಮೇಲೆ ನಾಲ್ಕೈದು ಸಲ ಎಳೆದರೂ ಬಾಯಿ ಚುರುಕಾಗುತ್ತದೆ.

ಟೇಪಿನ ಅಂಟು ಹತ್ತಿದರೆ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಆದರೆ ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ, ಬೆಂಗಳೂರಿನ ಡಿಸೆಂಬರ್ ಚಳಿಗೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ಕಮಟಾಗಿ ಜಿಗುಟು ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಒಂದು ತೊಟ್ಟು ಸಾಕು. ಹಣ್ಣಿಗೆ ತಾಗಿದರೂ ತೊಂದರೆಯಿಲ್ಲ. ಒಪಿನೆಲ್ ಕೊಂಡರೆ ಮಳೆಗಾಲದಲ್ಲಿ ಮರ ಊದಿಕೊಂಡು ಅಲಗನ್ನು ಕಚ್ಚಿ ಹಿಡಿಯುತ್ತದೆ. ಉಗುರು ಮುರಿದುಕೊಳ್ಳುವುದು ಬೇಡ: ಬಳೆಯನ್ನು ಲಾಕ್ ಇಲ್ಲದ ಕಡೆಗೆ ತಿರುಗಿಸಿ, ಹಿಡಿಯ ಹಿಂಬದಿ ತುದಿಯನ್ನು ಮೇಜಿನ ಅಂಚಿಗೆ ಒಂದು ಸಲ ಕುಟ್ಟಿ, ಅಲಗು ಬೆರಳಿಗೆ ಸಿಗುವಷ್ಟು ಹೊರಗೆ ಬರುತ್ತದೆ. ಆಮೇಲೆ ತೆರೆದಿಟ್ಟು ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲಿಗಿಟ್ಟರೆ ಹಿಡಿ ಬಿರುಕು ಬಿಡುತ್ತದೆ.